ಗೋಕಾಕದಲ್ಲಿ ಬರೀ ಬಂಡೆ ಕಂಡಿತೇ?

ಮೈಸೂರಿನ ಓದುಗರೊಬ್ಬರ ಪತ್ರ: "ನಿಮ್ಮ ಲೇಖನ ಓದಿ ಏಪ್ರಿಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಗೋಕಾಕ ಜಲಪಾತಕ್ಕೆ ಹೋದೆವು. ಕಂಡಿದ್ದು ಬಂಡೆ, ಬಿಸಿಲು ಎರಡೇ. ಊರಲ್ಲೂ ನೋಡುವಂಥದ್ದು ಏನಿಲ್ಲ. ಇಂಥ ಸಣ್ಣ ಊರುಗಳನ್ನು ಯಾಕೆ ಅಷ್ಟು ಹೊಗಳುತ್ತೀರಿ?"

ಸಂಪಾದಕರ ಉತ್ತರ:

ಸರ್, ತಪ್ಪು ನಮ್ಮದು. ಯಾವ ತಿಂಗಳು ಹೋಗಬೇಕು ಅಂತ ಲೇಖನದಲ್ಲಿ ಬರೆಯಲೇ ಇಲ್ಲ. ಬೆಳಗಾವಿಯಲ್ಲಿ ಕೂತವರಿಗೆ ಅದು ಹೇಳಬೇಕಾದ ಮಾತು ಅಂತ ಹೊಳೆಯುವುದೇ ಇಲ್ಲ. ಈ ಜಲಪಾತಕ್ಕೆ ನೀರು ತರುವ ಘಟಪ್ರಭೆ ಮಳೆಗಾಲದ ಹೊಳೆ. ಮೇಲೆ ನೀರು ಹಿಡಿದಿಡುವ ಹಿಡಕಲ್ ಅಣೆಕಟ್ಟು ಬೇರೆ ಇದೆ. ಮಳೆ ಚೆನ್ನಾಗಿ ಹಿಡಿದ ಆಗಸ್ಟ್‌ನಲ್ಲಿ ಬಂದಿದ್ದರೆ, ನೀವು ಕಂಡ ಅದೇ ಬಂಡೆಯ ಮೇಲಿಂದ ರಾಡಿ ಕೆಂಪು ನೀರು 52 ಮೀಟರ್ ಕೆಳಗೆ ಬೀಳುತ್ತಿತ್ತು. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಹತ್ತಿರದ ಗೊಡಚಿನಮಲ್ಕಿ ಜಲಪಾತಕ್ಕೂ ಇದೇ ಲೆಕ್ಕ.

ಆದರೆ "ಏನಿಲ್ಲ" ಅನ್ನುವುದನ್ನು ಒಪ್ಪಲಾರೆ. ನೀರಿಲ್ಲದಾಗಲೂ ಜಲಪಾತದ ಹತ್ತಿರದ ತೂಗುಸೇತುವೆ ಅಲ್ಲೇ ಇರುತ್ತದೆ, ಸುಮಾರು 200 ಮೀಟರ್ ಉದ್ದ. ದಂಡೆಯ ಮೇಲೆ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ ಇದೆ. ಎದುರಿಗೆ 1880ರ ದಶಕದ ನೂಲಿನ ಗಿರಣಿ. ಬೇರೆ ಕಡೆ ಜಲಪಾತದ ಪಕ್ಕ ಹೋಟೆಲ್ ಎದ್ದರೆ, ಇಲ್ಲಿ ಬೀಳುವ ನೀರಿನ ಬಲದಲ್ಲೇ ಗಿರಣಿ ನಡೆಸಿದರು. ನನಗಂತೂ ನೀರಿಗಿಂತ ಈ ಸಂಗತಿಯೇ ಜಾಸ್ತಿ ಇಷ್ಟ.

ಇನ್ನು ಊರು. ನೀವು ಊರೊಳಗೆ ಹೋದದ್ದೇ ಅನುಮಾನ. ಜಲಪಾತದಿಂದ ಗೋಕಾಕ ಐದಾರು ಕಿಲೋಮೀಟರ್ ಆಚೆ ಇದೆ, ಬಹಳ ಜನ ಅಲ್ಲಿಂದಲೇ ಗಾಡಿ ತಿರುಗಿಸುತ್ತಾರೆ. ನಾವು ಫೋಟೊ ತೆಗೆಯುವ ಹೊಳೆಯನ್ನು ಊರವರು ಬೇರೆ ಕಣ್ಣಿನಿಂದ ನೋಡುತ್ತಾರೆ. 2019ರ ಆಗಸ್ಟ್‌ನಲ್ಲಿ ನೀರು ಪೇಟೆಯೊಳಗೇ ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ಇವತ್ತೂ ಅಲ್ಲಿ ಮಳೆ ಜೋರಾದರೆ "ಫಾಲ್ಸ್ ಹೆಂಗೈತಿ" ಅಂತ ಯಾರೂ ಕೇಳುವುದಿಲ್ಲ, "ಹೊಳಿ ಎಲ್ಲಿಗೆ ಬಂತು" ಅಂತ ಕೇಳುತ್ತಾರೆ.

ಊರಿಗೆ ಹೋದರೆ ಕರದಂಟು ಮಾಡುವುದನ್ನು ನೋಡಿ. ಈ ಸಿಹಿಯ ಹೆಸರಲ್ಲೇ ಕೆಲಸ ಇದೆ: ಕರಿದ ಅಂಟು, ಅಂದರೆ ತಿನ್ನುವ ಗೋಂದು. ಗೋಲಿಯಷ್ಟು ಗಾತ್ರದ ಅಂಟಿನ ಹರಳನ್ನು ಕಾದ ತುಪ್ಪಕ್ಕೆ ಬಿಟ್ಟರೆ ಅರಳಿನ ಹಾಗೆ ಉಬ್ಬುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ. ಆಮೇಲೆ ಬೆಲ್ಲದ ಪಾಕ. ಪಾಕ ಎಳೆ ಬರುವ ಹೊತ್ತಿಗೆ ಸುರಿದು, ಆರುವ ಮೊದಲೇ ಜೋರಾಗಿ ತಿರುವಬೇಕು. ತಡವಾದರೆ ಸೌಟೂ ಕದಲುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಅಮೀನಗಡದವರು ತಮ್ಮದೇ ಚೆಂದ ಅನ್ನುತ್ತಾರೆ. ಆ ಜಗಳಕ್ಕೆ ನಾನು ಹೋಗಲ್ಲ, ಎರಡನ್ನೂ ತಿನ್ನುತ್ತೇನೆ.

ಮಕ್ಕಳಿಗೆ ಬಣ್ಣ ಹಚ್ಚಿದ ಗೋಕಾಕದ ಗೊಂಬೆ, ಮರದಲ್ಲಿ ಮಾಡಿದ ಹಣ್ಣು ಕೊಡಿಸಿ. ಚಿಕ್ಕವರಿದ್ದರೆ ಕಚ್ಚಿ ನೋಡುವುದು ಗ್ಯಾರಂಟಿ.

ಈ ಸಲ ಆಗಸ್ಟ್‌ನಲ್ಲಿ ಬನ್ನಿ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಹೊಳೆ ತುಂಬಿದಾಗ ಸೇತುವೆ ಮೇಲೆ ಬಿಡದೆ ಇರಬಹುದು, ಅದಕ್ಕೆ ಬೇಸರ ಬೇಡ. ವಾಪಸ್ ಹೋಗುವಾಗ ಕರದಂಟನ್ನು ಬ್ಯಾಗಿನಲ್ಲಿ ಬಟ್ಟೆಗಳ ಜೊತೆ ಇಡಬೇಡಿ. ಬಿಸಿಗೆ ಬೆಲ್ಲ ಇಳಿದು ನನ್ನ ಒಂದು ಒಳ್ಳೆ ಅಂಗಿ ಹಾಳಾಗಿದೆ.