ಮೇನ್ ಆಫ್ ಮಾಡಿದರೂ ಕರೆಂಟ್ ಉಳಿದಿರುವ ಮನೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ 11 ವರ್ಷಗಳಿಂದ ಏಸಿ ರಿಪೇರಿ ಮಾಡುತ್ತಿದ್ದೇನೆ. ಕಳೆದ ತಿಂಗಳು ತಾರಸಿಗೆ ಸೋಲಾರ್ ಹಾಕಿಸಿದ್ದ ಮನೆಯೊಂದರಲ್ಲಿ ಮೀಟರ್ ಬೋರ್ಡಿನ ಮೇನ್ ಆಫ್ ಮಾಡಿ, ಔಟ್‌ಡೋರ್ ಯೂನಿಟ್‌ನ ಮುಚ್ಚಳ ಬಿಚ್ಚಿ ಟೆಸ್ಟರ್ ಇಟ್ಟರೆ ದೀಪ ಹೊತ್ತಿಕೊಂಡಿತು. ಇದು ವೈರಿಂಗ್ ತಪ್ಪೋ, ಸೋಲಾರ್ ಇರುವ ಮನೆಗಳೆಲ್ಲ ಹೀಗೆಯೋ? ಇಂಥ ಕಡೆ ಹೇಗೆ ಕೆಲಸ ಮಾಡಬೇಕು?

ಉತ್ತರ: ಮುಚ್ಚಳ ಬಿಚ್ಚಿದ ಕೂಡಲೇ ಕೈ ಹಾಕದೆ ಮೊದಲು ಟೆಸ್ಟರ್ ಇಟ್ಟ ನಿಮ್ಮ ಅಭ್ಯಾಸವೇ ಅಂದು ನಿಮ್ಮನ್ನು ಕಾಪಾಡಿದೆ. ವೈರಿಂಗ್ ತಪ್ಪಾಗಿರಲೇಬೇಕೆಂದಿಲ್ಲ, ಆ ಮನೆಯಲ್ಲಿ ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರ್ ಇದ್ದು, ಏಸಿಯ ಲೈನನ್ನು ಅದರ ಬ್ಯಾಕಪ್ ಬದಿಗೆ, ಅಂದರೆ ಕರೆಂಟ್ ಹೋದಾಗಲೂ ನಡೆಯುವ ಲೈನಿಗೆ, ಕೊಟ್ಟಿರುವ ಸಾಧ್ಯತೆಯೇ ಹೆಚ್ಚು.

ಬ್ಯಾಟರಿ ಇಲ್ಲದ ಸಾಮಾನ್ಯ ಸೋಲಾರ್ ಇನ್ವರ್ಟರ್, ವಿದ್ಯುತ್ ಕಂಪನಿಯಾದ ಹೆಸ್ಕಾಂನ ಲೈನ್ ಇಲ್ಲವಾದ ಕೂಡಲೇ ತಾನೂ ನಿಲ್ಲಬೇಕು. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಕರೆಂಟ್ ಹರಿಯಬಾರದೆಂದೇ ಈ ವ್ಯವಸ್ಥೆ ಇದೆ. ಹೈಬ್ರಿಡ್ ಇನ್ವರ್ಟರ್‌ನ ಸಂಗತಿ ಬೇರೆ. ನೀವು ಮೇನ್ ಇಳಿಸಿದ್ದು ಅದರ ಪಾಲಿಗೆ ಕರೆಂಟ್ ಹೋದಂತೆ. ಕರೆಂಟ್ ಹೋದಾಗ ಮನೆಯನ್ನು ನಡೆಸಲೆಂದೇ ಅದನ್ನು ತಂದಿಟ್ಟಿರುವುದರಿಂದ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಆದ್ದರಿಂದ ಮನೆಯೊಳಗೆ ಕಾಲಿಟ್ಟಾಗ ಏಸಿಗೆ ಏನಾಗಿದೆ ಎಂದು ಕೇಳುವ ಮೊದಲು, ‘ಸೋಲಾರ್ ಇದೆಯೇ, ಬ್ಯಾಟರಿ ಇದೆಯೇ, ಬ್ಯಾಕಪ್ (ಯುಪಿಎಸ್) ಲೈನಿಗೆ ಏನೇನು ಸೇರಿಸಿದ್ದೀರಿ’ ಎಂದು ಕೇಳಿ.

ಮೇನ್ ಒಂದನ್ನೇ ನಂಬದೆ, ಏಸಿಗೇ ಮೀಸಲಾದ ಎಂಸಿಬಿಯನ್ನು (ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ಹುಡುಕಿ ಆಫ್ ಮಾಡಿ. ಅದು ಫೇಸನ್ನಷ್ಟೇ ಕಡಿಯುವ ಒಂಟಿ ಎಂಸಿಬಿಯಾಗಿದ್ದರೆ ನ್ಯೂಟ್ರಲ್ ತಂತಿ ಜೋಡಿಕೊಂಡೇ ಇರುತ್ತದೆ; ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಿಪಿ ಸ್ವಿಚ್ಚನ್ನು ಔಟ್‌ಡೋರ್ ಯೂನಿಟ್‌ನ ಪಕ್ಕದಲ್ಲಿ ಹಾಕಿಸುವಂತೆ ಮನೆಯವರಿಗೆ ಹೇಳುವುದು ನಿಮ್ಮ ಕೆಲಸದ ಭಾಗವೇ ಎಂದು ನಾನು ಭಾವಿಸುತ್ತೇನೆ. ಆಫ್ ಮಾಡಿದ ಎಂಸಿಬಿಗೆ ಬೀಗದ ಕ್ಲಿಪ್ ಹಾಕಿ, ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಕೆಳಗೆ ‘ಫ್ಯಾನ್ ಯಾಕೆ ನಿಂತಿತು’ ಎಂದು ಅಜ್ಜಿಯೋ ಮಗುವೋ ಸ್ವಿಚ್ ಎತ್ತಿದರೆ ನೀವು ಮೇಲಿಂದ ಕೂಗಿ ಹೇಳುವಷ್ಟೂ ಸಮಯ ಸಿಗುವುದಿಲ್ಲ.

ಆಮೇಲೆ ಪರೀಕ್ಷೆ. ಟೆಸ್ಟರ್ ಹೊತ್ತಿದರೆ ಕರೆಂಟ್ ಇದೆ ಎಂದು ನಂಬಬಹುದು. ಹೊತ್ತದಿದ್ದರೆ ಕರೆಂಟ್ ಇಲ್ಲ ಎಂದು ನಂಬುವಂತಿಲ್ಲ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಇಟ್ಟು ಅದು ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಿ, ನಂತರ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರನ್ನೂ ಅಳೆದು, ಕೊನೆಗೆ ಮತ್ತೆ ಅದೇ ಸಾಕೆಟ್ಟಿಗೆ ಹಿಡಿದು ಮೀಟರ್ ನಡುವೆ ಕೈಕೊಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇನ್ವರ್ಟರ್ ಏಸಿಯಾದರೆ ಅದರ ಪಿಸಿಬಿಯಲ್ಲಿ (ಸರ್ಕ್ಯೂಟ್ ಬೋರ್ಡ್) ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಹೆಚ್ಚಿನ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು) ಉಳಿದಿರಬಹುದಾದ್ದರಿಂದ, ತಯಾರಕರು ಲೇಬಲ್ ಮೇಲೆ ಬರೆದಷ್ಟು ಹೊತ್ತು ಕಾದು, ಅದನ್ನೂ ಅಳೆದ ಮೇಲೆಯೇ ಕೈ ಹಾಕಬೇಕು.

ಇಷ್ಟೆಲ್ಲ ಮಾಡಿದರೂ ಆರಿಸಲಾಗದ ಒಂದು ಭಾಗ ತಾರಸಿಯಲ್ಲಿ ಉಳಿದೇ ಇರುತ್ತದೆ. ಬಿಸಿಲು ಬಿದ್ದಷ್ಟು ಹೊತ್ತೂ ಪ್ಯಾನೆಲ್ ವೋಲ್ಟೇಜ್ ಕೊಡುತ್ತಲೇ ಇರುತ್ತದೆ. ಈಗ ಮನೆಗಳಿಗೆ ಹಾಕುವ 540 ವಾಟ್‌ನ ಒಂದು ಪ್ಯಾನೆಲ್‌ನಲ್ಲಿ ಸುಮಾರು 49 ವೋಲ್ಟ್ ಇರುತ್ತದೆ. ಅಂಥ 6 ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 300 ವೋಲ್ಟ್ ಹತ್ತಿರವಾಗುತ್ತದೆ. ಪ್ಯಾನೆಲ್ ಲೈನನ್ನು ಕಡಿಯುವ ಸ್ವಿಚ್ಚಾದ ಡಿಸಿ ಐಸೊಲೇಟರ್ ಇಳಿಸಿದರೆ ಇನ್ವರ್ಟರ್‌ಗೆ ಹೋಗುವುದು ನಿಲ್ಲುತ್ತದೆಯೇ ಹೊರತು, ಐಸೊಲೇಟರ್‌ನಿಂದ ಪ್ಯಾನೆಲ್‌ವರೆಗಿನ ಕೇಬಲ್ ಜೀವಂತವಾಗಿಯೇ ಇರುತ್ತದೆ. ಮನೆಯ ಲೈನಿನಲ್ಲಿ ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್ತು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಬರುವುದರಿಂದ ಅದರ ಕಿಡಿ ಬೇಗ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. ಕರೆಂಟ್ ಹರಿಯುತ್ತಿರುವಾಗ ಪ್ಯಾನೆಲ್ ಕನೆಕ್ಟರ್ ಎಳೆದರೆ ಹುಟ್ಟುವ ಕಿಡಿ, ಎರಡು ತುದಿಗಳ ನಡುವೆ ಬೆಂಕಿಯ ನಾಲಿಗೆಯಂತೆ ನಿಂತುಬಿಡುತ್ತದೆ. ಆದ್ದರಿಂದ ಔಟ್‌ಡೋರ್ ಯೂನಿಟ್ ಸರಿಸಲು ಕೇಬಲ್ ಅಡ್ಡ ಬಂದರೂ ಕನೆಕ್ಟರ್ ಬಿಚ್ಚಬೇಡಿ. ಸೋಲಾರ್ ಹಾಕಿದವರನ್ನು ಕರೆಸಿ.

ಮೈಸೂರಿನ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳಬೇಕು. ಪ್ಯಾನೆಲ್‌ಗಳ ನೆರಳಿನಲ್ಲಿ ಏಸಿ ಇಟ್ಟು, ಅದರ ತಾಮ್ರದ ಪೈಪಿನ ಜೊತೆಗೇ ಡಿಸಿ ಕೇಬಲನ್ನೂ ಒಂದೇ ಟೇಪಿನಲ್ಲಿ ಸುತ್ತಿದ್ದರು. ಅಳಿಲು ಕಡಿದ ಜಾಗದಲ್ಲಿ ಬೆರಳಿನ ಉಗುರಿನಷ್ಟು ತಾಮ್ರ ಹೊರಗೆ ಕಾಣುತ್ತಿತ್ತು, ಪಕ್ಕದ ಪೈಪಿನ ಕಪ್ಪು ಫೋಮ್ ಕರಗಿ ಗಟ್ಟಿಯಾಗಿತ್ತು. ಬೆಳಗ್ಗೆ 11 ಗಂಟೆ, ಮೇನ್ ಆಫ್ ಆಗಿತ್ತು. ನನ್ನ ಜೊತೆಗಿದ್ದ ಹುಡುಗ ಕಾಯಿಲ್ ತೊಳೆಯಲು ಪ್ರೆಶರ್ ಪಂಪ್ ಜೋಡಿಸುತ್ತಿದ್ದ. ಅಂದಿನಿಂದ ನೀರಿನ ಪೈಪು ಬಿಡಿಸುವ ಮೊದಲು ಸುತ್ತಲಿನ ಕೇಬಲ್‌ಗಳನ್ನೆಲ್ಲ ಉದ್ದಕ್ಕೂ ಕಣ್ಣಿನಿಂದ ನೋಡದೆ ನಾನು ಕೆಲಸಕ್ಕೆ ಇಳಿದಿಲ್ಲ. ಏಸಿಯಲ್ಲಿ ತಂಪಿಗಾಗಿ ತುಂಬುವ ಆರ್32 ಗ್ಯಾಸ್ ಕೂಡ ಉರಿಯಬಲ್ಲದ್ದು. ಸೋರುತ್ತಿರುವ ಏಸಿಯ ಬಳಿ ಇಂಥ ಕೇಬಲ್ ಇದ್ದರೆ ಅಪಾಯ ಎರಡು ಪಟ್ಟು.

ಪ್ರಶ್ನೆ: ನಮ್ಮ ತಾರಸಿಯಲ್ಲಿ ಸೋಲಾರ್ ಪ್ಯಾನೆಲ್ ಜೊತೆಗೆ ಗಾಜಿನ ಕೊಳವೆಯ ಸೋಲಾರ್ ವಾಟರ್ ಹೀಟರ್ ಕೂಡ ಇದೆ. ಮಳೆಗಾಲಕ್ಕೆಂದು ಹಾಕಿಸಿದ ಕರೆಂಟ್ ಕಾಯಿಲ್ ಕೆಟ್ಟಿದೆ. ಪ್ಲಂಬರ್ ಬದಲಾಯಿಸುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ?

ಉತ್ತರ: ಕಾಯಿಲ್‌ಗೆ ಹೋಗುವ ಲೈನನ್ನು ಮೇಲೆ ಹೇಳಿದಂತೆಯೇ ಕಡಿದು ಅಳೆಯಬಲ್ಲವರಾದರೆ ಮಾಡಿಸಬಹುದು, ಸ್ನಾನದ ಮನೆಯ ಸ್ವಿಚ್ಚನ್ನು ಆರಿಸಿದರೆ ಸಾಕು ಎನ್ನುವವರಾದರೆ ಬೇಡ. ಸಮಯವೂ ಮುಖ್ಯ. ಕರೆಂಟ್ ಇಲ್ಲದಿದ್ದರೂ ಟ್ಯಾಂಕಿನ ನೀರು ಬಿಸಿಲಿನಿಂದಲೇ ಮೈ ಸುಡುವಷ್ಟು ಕಾದಿರುತ್ತದೆ. ಟ್ಯಾಂಕ್ ಖಾಲಿ ಮಾಡಿದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಒಣಗಿ ಕಾದ ಕೊಳವೆಗಳಿಗೆ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ. ಹಿಂದಿನ ಸಂಜೆಯೇ ಬಿಸಿನೀರನ್ನು ಬಳಸಿ ಮುಗಿಸಿ, ಬೆಳಗ್ಗೆ ಬಿಸಿಲೇರುವ ಮೊದಲೇ ಕಾಯಿಲ್ ಬದಲಾಯಿಸಿ ನೀರು ತುಂಬಿಸಿಬಿಡಿ. ತಡವಾದರೆ ಕೊಳವೆಗಳ ಮೇಲೆ ದಪ್ಪ ಗೋಣಿತಾಟು ಹೊದಿಸಿ, ಸಂಜೆ ಅವು ತಣ್ಣಗಾದ ಮೇಲೆ ನೀರು ಬಿಡಿ.