ಹಳದಿ ಬಿಸಾಡಬೇಡಿ, ಎಗ್ ಪಫ್ ಬಿಡಿಸಿ

ಪ್ರಶ್ನೆ: ನಮ್ಮ ಮಾವನಿಗೆ 61 ವರ್ಷ. ಶುಗರ್ ಇದೆ. ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಅಂತ ಹೋದ ತಿಂಗಳು ರಿಪೋರ್ಟ್ ಬಂತು. ಅವತ್ತಿನಿಂದ ಮೊಟ್ಟೆಯ ಹಳದಿ ತೆಗೆದು ಬಿಳಿ ಮಾತ್ರ ಕೊಡುತ್ತಿದ್ದೇನೆ. ನಾಟಿ ಮೊಟ್ಟೆಯಾದರೆ ಹಳದಿಯನ್ನೂ ಕೊಡಬಹುದು ಅನ್ನುತ್ತಾರೆ ಅತ್ತೆ. ಬೇಸಿಗೆಯಲ್ಲಿ ಮಾತ್ರ ಮೊಟ್ಟೆಯೇ ಬೇಡ, ಉಷ್ಣ ಅನ್ನುತ್ತಾರೆ. ಏನು ಮಾಡಲಿ? (ಓದುಗರು, ಮಂಡ್ಯ)

ಉತ್ತರ: ಮೊಟ್ಟೆಯಲ್ಲಿ ಇರಬೇಕಾದ್ದೆಲ್ಲ ಬಹುಪಾಲು ಹಳದಿಯಲ್ಲೇ ಇದೆ. ಎ, ಡಿ, ಬಿ12 ವಿಟಮಿನ್‌ಗಳು, ಮಿದುಳಿಗೆ ಬೇಕಾದ ಕೋಲೀನ್, ಕಣ್ಣಿಗೆ ಒಳ್ಳೆಯದಾದ ಲ್ಯೂಟಿನ್ ಎಲ್ಲ ಅಲ್ಲೇ. ಒಂದು ಮೊಟ್ಟೆಯ ಸುಮಾರು 6 ಗ್ರಾಂ ಪ್ರೋಟೀನಿನಲ್ಲೂ ಹಳದಿಗೆ ಒಳ್ಳೆ ಪಾಲಿದೆ.

ಕೊಲೆಸ್ಟ್ರಾಲ್ ಇರುವುದೂ ಅಲ್ಲೇ, ನಿಜ. ದೊಡ್ಡ ಮೊಟ್ಟೆಯೊಂದರಲ್ಲಿ 180 ಮಿಲಿಗ್ರಾಂಗೂ ಸ್ವಲ್ಪ ಜಾಸ್ತಿ. ಆದರೆ ನಮ್ಮ ರಕ್ತದ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನದನ್ನು ತಯಾರಿಸುವುದು ನಮ್ಮ ಲಿವರ್. ಹೆಚ್ಚಿನವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಮೊಟ್ಟೆಗಿಂತ ಜಾಸ್ತಿಯಾಗಿ ಡಾಲ್ಡಾ, ಬೆಣ್ಣೆ, ಕೊಬ್ಬಿರುವ ಮಾಂಸ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಅನ್ನುವ ಹಳೆಯ ಲೆಕ್ಕವನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರ ಆವೃತ್ತಿಯಲ್ಲೇ ಕೈಬಿಟ್ಟಿದೆ.

ಆದರೂ ನಿಮ್ಮ ಮಾವನಿಗೆ ಶುಗರ್ ಇದೆಯಲ್ಲ, ಅಲ್ಲಿ ಸ್ವಲ್ಪ ಹುಷಾರಾಗಿರೋಣ. ಶುಗರ್ ಇರುವವರ ವಿಷಯದಲ್ಲಿ ಅಧ್ಯಯನಗಳೆಲ್ಲ ಒಂದೇ ಮಾತು ಹೇಳಿಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಪೂರ್ತಿ ಮೊಟ್ಟೆ, ಉಳಿದ ದಿನ ಬೇಕಿದ್ದರೆ ಬಿಳಿ ಮಾತ್ರ ಕೊಡಿ. ಹೃದಯದ ತೊಂದರೆ ಆಗಿದ್ದರೆ ಅಥವಾ ಎಲ್‌ಡಿಎಲ್ (ಅದೇ ಕೆಟ್ಟ ಕೊಲೆಸ್ಟ್ರಾಲ್) ತುಂಬಾ ಜಾಸ್ತಿ ಇದ್ದರೆ ಅವರನ್ನು ನೋಡುತ್ತಿರುವ ಡಾಕ್ಟರ್ ಮಾತೇ ಕೊನೆ.

ಜೊತೆಗೆ, ಮೊಟ್ಟೆಯನ್ನು ಹೇಗೆ ತಿನ್ನುತ್ತಾರೆ ಅನ್ನುವುದನ್ನೂ ನೋಡಿ. ಮಧ್ಯಾಹ್ನ ಹಳದಿ ಬಿಸಾಡಿ, ಸಂಜೆ ಬೇಕರಿ ಮುಂದೆ ನಿಂತು ಎಗ್ ಪಫ್ ತಿಂದರೆ ಏನು ಬಂತು? ಅದರಲ್ಲಿ ಮೊಟ್ಟೆ ಅರ್ಧ, ಮಿಕ್ಕಿದ್ದು ಮೈದಾ ಮತ್ತು ಡಾಲ್ಡಾ. ಮೊಟ್ಟೆ ಬೋಂಡ, ಗಾಡಿಯ ಎಗ್ ರೈಸ್ ಕಥೆಯೂ ಅಷ್ಟೇ. ನನ್ನ ಕೇಳಿದರೆ ನಮ್ಮ ಕಡೆಯ ಊಟವೇ ಸರಿ: ಒಂದು ಮುದ್ದೆ, ಸೊಪ್ಪಿನ ಸಾರು, ಜೊತೆಗೊಂದು ಬೇಯಿಸಿದ ಮೊಟ್ಟೆ. ಮೊಟ್ಟೆಯಲ್ಲಿ ನಾರಿಲ್ಲ, ವಿಟಮಿನ್ ಸಿ ಇಲ್ಲ. ನಾರು ರಾಗಿಯಲ್ಲಿದೆ, ಸಿ ಬೇಕಾದರೆ ನಿಂಬೆಹಣ್ಣು ಹಿಂಡಿ. ರಾಗಿಯ ಪ್ರೋಟೀನಿನಲ್ಲಿ ಕಮ್ಮಿ ಇರುವ ಲೈಸಿನ್ ಅನ್ನುವ ಅಮೈನೊ ಆಮ್ಲ ಮೊಟ್ಟೆಯಲ್ಲಿ ಧಾರಾಳ. ಮುದ್ದೆ ಮಾತ್ರ ಚಿಕ್ಕದಿರಲಿ, ಶುಗರ್ ಏರಿಸುವುದು ಅದೇ.

ನಾಟಿ ಮೊಟ್ಟೆ ರುಚಿ ಅನ್ನಿಸಿದರೆ ತನ್ನಿ. ಕೊಲೆಸ್ಟ್ರಾಲ್ ವಿಷಯದಲ್ಲಿ ಫಾರಂ ಮೊಟ್ಟೆಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ, ಹಳದಿಯ ಬಣ್ಣ ಅದು ತಿಂದ ಮೇವಿನಿಂದ ಬರುತ್ತದೆ. ಹೊಲದಲ್ಲಿ ಹಸಿರು ಮೇಯ್ದ ಕೋಳಿಯ ಹಳದಿ ಗಾಢವಾಗಿರುತ್ತದೆ, ಅಷ್ಟೇ.

ಉಷ್ಣದ ಮಾತಿಗೆ ಬಂದರೆ, ಒಂದು ಮೊಟ್ಟೆಯಿಂದ ಮೈ ಕಾಯುವುದಿಲ್ಲ. ಬೇಸಿಗೆಯಲ್ಲಿ ನಿಜವಾದ ತೊಂದರೆ ಮೊಟ್ಟೆ ಬೇಗ ಕೆಡುವುದು. ಬಿಸಿಲಲ್ಲಿ ಇಟ್ಟು ಮಾರುವ ಕಡೆ ಕೊಳ್ಳಬೇಡಿ. ತಂದ ಮೇಲೆ ಫ್ರಿಜ್‌ನಲ್ಲಿಡಿ.

ಪ್ರಶ್ನೆ: ಜಿಮ್‌ಗೆ ಹೋಗುತ್ತೇನೆ. ಬೆಳಿಗ್ಗೆ ಹಸಿ ಮೊಟ್ಟೆ ಒಡೆದು ಕುಡಿದರೆ ಜಾಸ್ತಿ ಶಕ್ತಿ ಬರುತ್ತದೆ ಅಂತ ಗೆಳೆಯರು ಹೇಳಿದರು. ಹೌದಾ? (ಓದುಗರು, ಮೈಸೂರು)

ಉತ್ತರ: ಇಲ್ಲ, ಉಲ್ಟಾ. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಶೇ 90ರಷ್ಟು ದೇಹಕ್ಕೆ ದಕ್ಕಿದರೆ, ಹಸಿಯದರಲ್ಲಿ ದಕ್ಕುವುದು ಅರ್ಧದಷ್ಟು. ಹಸಿ ಬಿಳಿಯಲ್ಲಿರುವ ಅವಿಡಿನ್ ಅನ್ನುವ ಅಂಶ ಬಯೋಟಿನ್ ವಿಟಮಿನ್ ಹೀರಿಕೊಳ್ಳದಂತೆ ತಡೆಯುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ದರೆ ವಾಂತಿ, ಭೇದಿ, ಜ್ವರ ಎಲ್ಲ ಬರಬಹುದು. ಬಿಳಿ, ಹಳದಿ ಎರಡೂ ಗಟ್ಟಿಯಾಗುವ ತನಕ ಬೇಯಿಸಿ ತಿನ್ನಿ.

ಪ್ರಶ್ನೆ: ಮಗಳು ಮೂರನೇ ಕ್ಲಾಸು. ಶಾಲೆಯಲ್ಲೇ ಮೊಟ್ಟೆ ಕೊಡುತ್ತಾರೆ. ಮನೆಯಲ್ಲೂ ಕೊಡಬೇಕಾ? (ಓದುಗರು, ಮದ್ದೂರು)

ಉತ್ತರ: ಶಾಲೆಯಲ್ಲಿ ತಿಂದ ದಿನ ಮನೆಯಲ್ಲಿ ಮತ್ತೊಂದು ಬೇಕೇ ಬೇಕು ಅಂತೇನಿಲ್ಲ. ಅವಳೇ ಕೇಳಿದರೆ ಕೊಡಿ, ತೊಂದರೆಯಿಲ್ಲ. ಆದರೆ ಅಲ್ಲಿ ಮೊಟ್ಟೆ ತಿಂದಳಾ, ಅದರ ಬದಲು ಬಾಳೆಹಣ್ಣು ತೆಗೆದುಕೊಂಡಳಾ ಅಂತ ಸುಮ್ನೆ ಒಮ್ಮೆ ಕೇಳಿ ನೋಡಿ. ಬಾಳೆಹಣ್ಣಿನ ದಿನ ಸಂಜೆಗೆ ಒಂದು ಮೊಟ್ಟೆ ಬೇಯಿಸಿ ಕೊಟ್ಟರಾಯಿತು. ಮೊಟ್ಟೆ ತಿಂದಾಗ ಮೈಮೇಲೆ ದದ್ದು ಏಳುವುದು, ತುಟಿ ಊದುವುದು ಕಂಡರೆ ಮಾತ್ರ ನಿಲ್ಲಿಸಿ ಮಕ್ಕಳ ಡಾಕ್ಟರಿಗೆ ತೋರಿಸಿ, ಶಾಲೆಯವರಿಗೂ ತಿಳಿಸಿ. ಉಸಿರಾಟಕ್ಕೆ ಕಷ್ಟವಾದರೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.