ಗುರ್ರೆನ್ನುವುದನ್ನು ನಿಲ್ಲಿಸಿದ ಮೇಲೆ ಕಚ್ಚಿದ ನಾಯಿ

ದಿನಾ ಬೆಳಿಗ್ಗೆ ವಾಕಿಂಗ್ ಹೋಗುವಾಗ ಒಂದು ಮನೆಯ ಗೇಟಿನಿಂದ ನಾಯಿ ಬೊಗಳುತ್ತಾ ಮೈಮೇಲೆ ಬರುತ್ತದೆ, ಯಾರಿಗಾದರೂ ಹೀಗೆ ಆಗಿದೆಯಾ, ಏನು ಮಾಡಿದಿರಿ ಅಂತ ಕೇಳಿದ್ದೀರಿ. ನಾಯಿಗಳು ಅಟ್ಟಿಸಿಕೊಂಡು ಬಂದದ್ದಕ್ಕೆ ಲೆಕ್ಕವಿಲ್ಲ. ಕಚ್ಚಿದ್ದು ಮಾತ್ರ ಒಂದೇ ಸಲ. ಅದನ್ನೇ ಮೊದಲು ಹೇಳುತ್ತೇನೆ.

ಅದು ಬೀದಿನಾಯಿ ಅಲ್ಲ, ಗೆಳೆಯನ ಮನೆಯ ಸಾಕುನಾಯಿ. ನನ್ನನ್ನು ಕಂಡರೆ ಓಡಿ ಬಂದು ಕಾಲು ಸುತ್ತುತ್ತಿತ್ತು. ಅವತ್ತು ಮೂಲೆಯಲ್ಲಿ ಮಲಗಿ ಮೂಳೆ ಕಡಿಯುತ್ತಿತ್ತು. ನಾನು ಹೋಗಿ ಪಕ್ಕದಲ್ಲೇ ಕೂತೆ. ಕಡಿಯುವುದು ನಿಂತಿತು. ಮೈ ಬಿಗಿಯಾಯಿತು. ಮುಖ ಮೂಳೆಯ ಮೇಲೇ ಇತ್ತು, ಕಣ್ಣು ಮಾತ್ರ ಓರೆಯಾಗಿ ನನ್ನ ಕಡೆ ತಿರುಗಿ ಬಿಳಿಗುಡ್ಡೆ ಕಾಣುತ್ತಿತ್ತು. ಗಂಟಲಲ್ಲೇ ಸಣ್ಣಗೆ ಗುರ್ ಅಂದಿತು. ಗೆಳೆಯ "ಏಯ್, ಸುಮ್ನಿರು!" ಅಂತ ಬೆನ್ನಿಗೆ ಒಂದೇಟು ಹಾಕಿದ. ಸುಮ್ಮನಾಯಿತು. ಸರಿಹೋಯಿತು ಅಂದುಕೊಂಡು ತಲೆ ಸವರಲು ಕೈ ಚಾಚಿದೆ. ಈ ಸಲ ಸದ್ದೇ ಇಲ್ಲ. ಹೆಬ್ಬೆರಳಿನ ಬುಡದಲ್ಲಿ ಎರಡು ಹಲ್ಲು ಇಳಿದಿದ್ದವು.

ಆಮೇಲೆ ಎಷ್ಟೋ ದಿನ ಇದನ್ನೇ ಯೋಚಿಸಿದೆ. ಪಾಪ, ಅದು ನನಗೆ ಮೂರು ಸಲ ಹೇಳಿತ್ತು: ಮೈಯಲ್ಲಿ, ಕಣ್ಣಲ್ಲಿ, ಗಂಟಲಲ್ಲಿ. ನಾವು ಏಟು ಕೊಟ್ಟು ಬಾಯಿ ಮುಚ್ಚಿಸಿದೆವು. ಅದರ ಭಯ ಹೋಗಲಿಲ್ಲ, ಎಚ್ಚರಿಕೆ ಕೊಡುವುದೊಂದು ಹೋಯಿತು. ಹಾಗಾಗಿ ಗುರ್ರೆಂದಿದ್ದಕ್ಕೆ ನಾಯಿಗೆ ಹೊಡೆಯುವವರನ್ನು ಕಂಡರೆ ಈಗ ನನಗೆ ತಡೆಯಲಾಗುವುದಿಲ್ಲ, ಬೇಡ ಅಂತ ಹೇಳಿಯೇ ಹೇಳುತ್ತೇನೆ.

ಗಾಯ ಚಿಕ್ಕದೇ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದರೆ ಸಾಕು ಅಂತ ಒಬ್ಬರು ಓಡಿ ಬಂದರು. ಗೆಳೆಯನ ಅಮ್ಮ ಬಿಡಲಿಲ್ಲ. "ಏನೂ ಹಚ್ಚಬೇಡಪ್ಪ, ಮೊದಲು ನಲ್ಲಿ ಕೆಳಗೆ ಕೈ ಇಡು" ಅಂದು ಸೋಪು ಕೊಟ್ಟು, ಗಡಿಯಾರ ನೋಡುತ್ತಾ 15 ನಿಮಿಷ ತೊಳೆಸಿದರು. ಆ ತಾಯಿಗೆ ನಾನು ಋಣಿ. ರೇಬೀಸ್ ವೈರಸ್ ಜೊಲ್ಲಿನಿಂದ ಗಾಯಕ್ಕೆ ಇಳಿದು, ನರಗಳ ಮೂಲಕ ಮೆಲ್ಲಗೆ ಮೆದುಳಿಗೆ ಹತ್ತುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಅದು ಮೆದುಳು ಮುಟ್ಟುವ ಮೊದಲೇ ತೊಳೆಯಬೇಕು, ಲಸಿಕೆ ಹಾಕಿಸಬೇಕು. ನಾಯಿಗೆ ಲಸಿಕೆ ಹಾಕಿಸಿದ್ದರ ಕಾರ್ಡು ಹುಡುಕಿದರೆ ಸಿಗಲಿಲ್ಲ. ಅದಕ್ಕೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋದೆ. ರಕ್ತ ಬಂದಿದ್ದರಿಂದ ಗಾಯದ ಸುತ್ತಲೇ ಇಮ್ಯುನೊಗ್ಲೋಬುಲಿನ್, ಅಂದರೆ ವೈರಸ್ಸನ್ನು ಅಲ್ಲೇ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೊಟ್ಟರು. ಅದು ಜಾಸ್ತಿ ನೋಯಿತು. ಲಸಿಕೆ ತೋಳಿಗೆ, ಅವತ್ತೊಂದು, ಆಮೇಲೆ 3, 7, 14 ಮತ್ತು 28ನೇ ದಿನ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಾರೆ ಅಂತ ಹೆದರಿ ಹೋಗದೇ ಇರುವವರು ಇನ್ನೂ ಇದ್ದಾರೆ. ಅದು ಹಳೇ ಕಾಲದ ಮಾತು, ದಯವಿಟ್ಟು ಹೋಗಿ.

ಅಟ್ಟಿಸಿಕೊಂಡು ಬರುವ ನಾಯಿಗಳದ್ದು ಬೇರೆ ಕಥೆ. ಒಂದು ರಾತ್ರಿ ಸ್ಕೂಟರ್ ಹಿಂದೆ ನಾಲ್ಕು ಬಿದ್ದವು. ವೇಗ ಹೆಚ್ಚಿಸಿದಷ್ಟೂ ಹತ್ತಿರ ಬಂದವು. ಬೀಳುವುದೇ ಗ್ಯಾರಂಟಿ ಅನ್ನಿಸಿ ಮೆಲ್ಲಗೆ ನಿಧಾನ ಮಾಡಿ ನಿಲ್ಲಿಸಿಬಿಟ್ಟೆ. ಅವೂ ನಿಂತವು! ಸ್ವಲ್ಪ ಹೊತ್ತು ಬೊಗಳಿ, ಒಂದು ನೆಲ ಮೂಸುತ್ತಾ ತಿರುಗಿತು, ಉಳಿದವು ಅದರ ಹಿಂದೆ ಹೋದವು. ಓಡುವುದು ಕಂಡರೆ ಅಟ್ಟುವುದು ನಾಯಿಯ ಹುಟ್ಟುಗುಣ, ಅಲ್ವಾ.

ಈಗ ನಿಮ್ಮ ನಾಯಿ. ಅದು ತನ್ನ ಗೇಟು ಕಾಯುತ್ತಿದೆ ಅನ್ನಿಸುತ್ತದೆ. ಸಾಧ್ಯವಾದರೆ ರಸ್ತೆಯ ಆಚೆ ಬದಿಯಲ್ಲಿ ನಡೆಯಿರಿ. ಬಂದೇಬಿಟ್ಟರೆ ಓಡಬೇಡಿ, ಕಿರುಚಬೇಡಿ, ಕಲ್ಲೆತ್ತಬೇಡಿ, ಕಣ್ಣಲ್ಲಿ ಕಣ್ಣಿಡಬೇಡಿ. ಕೈ ಮೈಗೆ ಅಂಟಿಸಿಕೊಂಡು, ಸ್ವಲ್ಪ ಓರೆಯಾಗಿ ನಿಲ್ಲಿ. ಅದು ತಣ್ಣಗಾದ ಮೇಲೆ ಬೆನ್ನು ತೋರಿಸದೆ ಮೆಲ್ಲಗೆ ಸರಿಯಿರಿ. ನಾನು ಒಂದು ಕೊಡೆ ಇಟ್ಟುಕೊಂಡಿರುತ್ತೇನೆ, ಹೊಡೆಯಲು ಅಲ್ಲ, ನಮ್ಮಿಬ್ಬರ ನಡುವೆ ಬಿಚ್ಚಿ ಹಿಡಿಯಲು. ಕೆಳಗೆ ಬಿದ್ದರೆ ಮುದುಡಿಕೊಂಡು ಕತ್ತು, ಕಿವಿ ಮುಚ್ಚಿಕೊಳ್ಳಿ. ಬಾಲ ಆಡುತ್ತಿದೆ ಅಂತ ನಂಬಿ ಕೈ ಚಾಚಬೇಡಿ, ಕೆರಳಿದ ನಾಯಿಯೂ ಬಾಲ ಆಡಿಸುತ್ತದೆ.

ನಾಳೆಯೇ ಒಂದು ಸಲ ಆ ಮನೆಯವರನ್ನು ಕಂಡು ಮಾತಾಡಿ. ನೀವು ಹೋಗುವ ಹೊತ್ತು ಹೇಳಿ, ಆಗ ಗೇಟು ಹಾಕಿಕೊಳ್ಳಲು ಕೇಳಿ, ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದ್ದಾರಾ ಅಂತಲೂ ವಿಚಾರಿಸಿ.